ಒಂದೇ ಗಂಟಲಿನ ಶಿಂಜಿ, ಕೆನ್ಶಿನ್: ಎರಡು ಹಳೇ ಡ್ರಾಮಾ ಸೀಡಿ

ಟೋಕಿಯೋದ ನಿಶಿ-ಕಸಾಯಿಯಲ್ಲಿ ತೋಝಾಯ್ ಲೈನ್ ರೈಲು ಹತ್ತಿದರೆ ನಡುವೆ ಇಳಿದು ಹತ್ತುವ ಗೋಜಿಲ್ಲದೆ ನೆಟ್ಟಗೆ ನಕಾನೋದಲ್ಲಿ ಇಳಿಯಬಹುದು. ನನ್ನ ಶನಿವಾರಗಳಿಗೆ ಶನಿ ಹಿಡಿದದ್ದೇ ಇದರಿಂದ. ನಕಾನೋ ಬ್ರಾಡ್‌ವೇ 1966ರ ಕಟ್ಟಡ. ಒಳಗೆ ಹಳೇ ಮಂಗಾ (ಜಪಾನೀ ಕಾಮಿಕ್ಸ್), ಗೊಂಬೆ, ಗಡಿಯಾರ ಮಾರುವ ಸಣ್ಣ ಸಣ್ಣ ಅಂಗಡಿಗಳ ಸಾಲು. ನಾನು ನಿಲ್ಲುವುದು ಮಾತ್ರ ಬೇರೆ ಯಾರೂ ನಿಲ್ಲದ ಒಂದು ಕಪಾಟಿನ ಮುಂದೆ. ಅಲ್ಲಿರುವುದು ಡ್ರಾಮಾ ಸೀಡಿಗಳು. ಅನಿಮೆಯ, ಅಂದರೆ ಜಪಾನೀ ಕಾರ್ಟೂನಿನ, ಪಾತ್ರಗಳು ಇರುತ್ತವೆ, ಸಾಮಾನ್ಯವಾಗಿ ಅವೇ ದನಿಗಳೂ ಇರುತ್ತವೆ, ಚಿತ್ರ ಇರುವುದಿಲ್ಲ. ಹೊಸದಕ್ಕೆ ಸುಮಾರು 3,000 ಯೆನ್ ಕೇಳುತ್ತಾರೆ. ಹಳೆಯದಾದರೆ ಒಂದು ಊಟದ ದುಡ್ಡಿಗೆ ಸಿಕ್ಕಿಬಿಡುತ್ತದೆ. ಕಳೆದ ತಿಂಗಳು ಎರಡು ತಂದೆ. ಎರಡರಲ್ಲೂ ನಾಯಕನ ದನಿ ಒಬ್ಬರದೇ: ಒಗಾತಾ ಮೆಗುಮಿ. ಹೆಣ್ಣುಮಗಳು, ಗಂಡು ಪಾತ್ರಗಳಿಗೇ ಹೆಸರಾದವರು.

ಮೊದಲನೆಯದು ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್ ಅಡಿಷನ್’. ರೋಬಾಟ್‌ನಂಥ ದೈತ್ಯಗಳೊಳಗೆ ಕೂತು ಕಾದಾಡುವ ಹದಿಹರೆಯದವರ ಟೀವಿ ಅನಿಮೆ ‘ಇವಾಂಗೆಲಿಯನ್’, ಅದರ ಸೀಡಿ ಇದು. ಕಿಂಗ್ ರೆಕಾರ್ಡ್ಸ್‌ನವರು 1996ರ ಡಿಸೆಂಬರಿನಲ್ಲಿ ತಂದದ್ದು. ಆ ವರ್ಷ ಮಾರ್ಚ್‌ನಲ್ಲಿ 26ನೇ ಕಂತಿಗೆ ಧಾರಾವಾಹಿ ಮುಗಿದಿತ್ತು, ಇದೆಂಥ ಮುಕ್ತಾಯ ಎಂದು ನೋಡಿದವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು, ಹೊಸ ಮುಕ್ತಾಯವನ್ನು ಪೂರ್ತಿ ತೋರಿಸುವ ಸಿನಿಮಾ ಬರಲು 1997ರ ಜುಲೈ ಆಗಬೇಕಿತ್ತು. ಆ ನಡುವಿನ ಸಂದಿಯಲ್ಲಿ ಹಾಡು, ಸಂಗೀತದ ಜೊತೆಗೆ ಒಂದು ನಾಟಕ ಸೇರಿಸಿದರು. ಹೆಸರು ‘ಶೂಕ್ಯೋಕು ನೋ ತ್ಸುಜುಕಿ’, ಅಂದರೆ ಮುಕ್ತಾಯದ ಮುಂದುವರಿಕೆ. ಪಕ್ಕದಲ್ಲೇ ‘ತಾತ್ಕಾಲಿಕ ಶೀರ್ಷಿಕೆ’ ಅಂತಲೂ ಅಚ್ಚು ಹಾಕಿದ್ದಾರೆ. ತಮಾಷೆ ಅಲ್ಲಿಂದಲೇ ಶುರು. ತಮ್ಮ ಧಾರಾವಾಹಿ ಮುಗಿದದ್ದು ಪಾತ್ರಗಳಿಗೇ ಗೊತ್ತಿದೆ. ಇನ್ನು ಮುಂದುವರಿಸುವುದು ಹೇಗಪ್ಪಾ ಎಂದು ತಾವೇ ಸಭೆ ಸೇರಿವೆ. ಟೀವಿಯಲ್ಲಿ ಕರುಳು ಹಿಂಡಿದವರೆಲ್ಲ ಇಲ್ಲಿ ಗಣಪತಿ ಚಂದಾ ಕಮಿಟಿಯವರ ಹಾಗೆ ಜಗಳ ಆಡುತ್ತಾರೆ.

ನಗು ಬರುವುದು ಮಾತಿನಿಂದ ಅನ್ನುವುದಕ್ಕಿಂತ ದನಿಯಿಂದ. ನಾಯಕ ಶಿಂಜಿಯ ಆ ಹಿಂಜರಿಕೆ, ವಾಕ್ಯದ ಬಾಲವನ್ನು ನುಂಗಿಬಿಡುವ ಅಭ್ಯಾಸ, ಎಲ್ಲವನ್ನೂ ಒಗಾತಾ ಒಂದು ಚೂರೂ ಬದಲಿಸದೆ ಹಾಗೇ ಇಟ್ಟಿದ್ದಾರೆ. ಸುತ್ತಲಿನವರು ಕೋಡಂಗಿತನಕ್ಕೆ ಇಳಿದಿರುವಾಗ ಇವನೊಬ್ಬ ನಿಜವಾಗಿಯೇ ಕಂಗಾಲಾಗಿದ್ದಾನೆ. ಮಿಸಾತೋ ಆಗಿ ಮಿತ್ಸುಯಿಶಿ ಕೊತೊನೋ, ‘ಸೈಲರ್ ಮೂನ್’ ಅನಿಮೆಯ ನಾಯಕಿ ಉಸಾಗಿಯ ದನಿಯೂ ಅವರದೇ. ರೇಯಿಯದು ಹಯಾಶಿಬಾರಾ ಮೆಗುಮಿ. ಮೂರು ಮಾತಾಡಿದರೆ ಹೆಚ್ಚು ಅನ್ನಿಸುವ ಆ ರೇಯಿ, ಅದೇ ಧಾರಾವಾಹಿಯ ಪೆಂಗ್ವಿನ್ ಪೆನ್‌ಪೆನ್, ಎರಡೂ ಅವರ ಗಂಟಲೇ! ಇದು ತಿಳಿದ ದಿನದಿಂದ ರೇಯಿ ಸುಮ್ಮನಿದ್ದಾಗೆಲ್ಲ ನನಗೆ ಪೆಂಗ್ವಿನ್ ನೆನಪಾಗುತ್ತದೆ.

ಆದರೆ ಒಂದು ತಕರಾರಿದೆ. ನಮ್ಮ ಮನೆಯಲ್ಲಿ ಧಾರವಾಡ ಆಕಾಶವಾಣಿಯ ನಾಟಕ ಶುರುವಾದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಸದ್ದಿಗೆ ಮಾತು ತಪ್ಪಬಾರದಲ್ಲ. ಆ ನಾಟಕಗಳಲ್ಲಿ ಯಾರಾದರೂ “ಇದೇನ್ರಿ, ಇಷ್ಟೊತ್ತಿನಾಗ ಟ್ರಂಕ್ ಹಿಡಕೊಂಡು ಎತ್ತಾಗ ಹೊಂಟ್ರಿ?” ಅನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಹೊತ್ತು, ಟ್ರಂಕ್, ಹೊಸ್ತಿಲು ಮೂರೂ ಕಣ್ಣಿಗೆ ಬರುತ್ತಿದ್ದವು. ‘ಅಡಿಷನ್’ ಬರೆದವರಿಗೆ ಈ ಕಾಳಜಿಯೇ ಇಲ್ಲ. ಮುಖಗಳು ನಿಮಗೆ ಗೊತ್ತೇ ಇವೆಯಲ್ಲ ಎಂದು ಸೀದಾ ಮಾತಿಗೆ ಇಳಿಯುತ್ತಾರೆ. ನನ್ನ ಯಜಮಾನರು ಐದು ನಿಮಿಷ ಕೇಳಿ “ಯಾರು ಯಾರಿಗೆ ಬೈತಿದಾರೆ?” ಎಂದು ಕೇಳಿದರು. ನಾನು ಹೇಳಿ ಮುಗಿಸುವುದರೊಳಗೆ ಪಾತ್ರೆ ತೊಳೆಯಲು ಎದ್ದು ಹೋದರು. ನನಗೇನೂ ನಷ್ಟವಾಗಲಿಲ್ಲ, ಆದರೂ ಧಾರಾವಾಹಿ ನೋಡದವರು ಇದಕ್ಕೆ ದುಡ್ಡು ಹಾಕಬೇಡಿ.

ಎರಡನೆಯದು ‘ರುರೌನಿ ಕೆನ್ಶಿನ್’, ಊರೂರು ಅಲೆಯುವ ಕತ್ತಿವರಸೆಗಾರನೊಬ್ಬನ ಮಂಗಾದ ಧ್ವನಿರೂಪ. ಇದರ ಮಜಾನೇ ಬೇರೆ. ಟೀವಿ ಅನಿಮೆ ಶುರುವಾದದ್ದು 1996ರ ಜನವರಿಯಲ್ಲಿ, ಈ ಧ್ವನಿನಾಟಕ ಅದಕ್ಕೂ ಮುಂಚಿನದು. ಟೀವಿಯಲ್ಲಿ ಕೆನ್ಶಿನ್ ಆದವರು ಹೆಂಗಸರೇ ಎಲ್ಲ ಪಾತ್ರ ಮಾಡುವ ತಕರಝುಕಾ ರಂಗದ ತಾರೆಯಾಗಿದ್ದ ಸುಝುಕಾಝೆ ಮಾಯೋ, ಜಗತ್ತೆಲ್ಲ ಬಲ್ಲ ದನಿ ಅದು. ಅದಕ್ಕೂ ಮೊದಲು ಒಗಾತಾ ಅವರ ಕೆನ್ಶಿನ್ ಒಬ್ಬನಿದ್ದ ಎಂಬುದು ಇಲ್ಲಿಗೆ ಬಂದು ನಾಲ್ಕು ವರ್ಷವಾದರೂ ನನಗೆ ತಿಳಿದಿರಲಿಲ್ಲ.

ಆಗ ಕೆನ್ಶಿನ್ ಚಲಿಸಿದ್ದನ್ನು ಯಾರೂ ಕಂಡಿರಲಿಲ್ಲ, ಪುಸ್ತಕದ ಪುಟದಲ್ಲಷ್ಟೇ ಇದ್ದ. ಹಾಗಾಗಿ ಇದು ನಿಜವಾದ ರೇಡಿಯೋ ನಾಟಕದ ಹಾಗೆ ಕಿವಿಗೆ ಎಲ್ಲವನ್ನೂ ಕೊಡಬೇಕಿತ್ತು, ಕೊಡುತ್ತದೆ ಕೂಡ. ಕೆನ್ಶಿನ್ ತನ್ನನ್ನು ‘ಸೆಶ್ಶಾ’ ಅಂದುಕೊಳ್ಳುತ್ತಾನೆ. ನಾನು ಅನ್ನುವುದರ ಬದಲು ‘ಈ ಪಾಮರ’ ಅಂದಂತೆ, ಹಳೇ ಕಾಲದ ತಗ್ಗಿದ ಮಾತು. ಮಾತಿನ ಕೊನೆಗೊಂದು ‘ಗೊಝಾರು’. ಸುಝುಕಾಝೆ ಅವರ ಬಾಯಲ್ಲಿ ಅದು ಸ್ವಲ್ಪ ರಂಗದ ಮೇಲಿನ ಮಾತಿನಂತೆ ಕೇಳುತ್ತದೆ. ಒಗಾತಾ ಅವರಲ್ಲಿ ಅದು ಬೆಳಿಗ್ಗೆ ಅಂಗಳ ಗುಡಿಸುತ್ತಾ ಪಕ್ಕದ ಮನೆಯವರ ಜೊತೆ ಆಡಿದ ಹಾಗಿದೆ. ಅದರಿಂದಲೇ ಸಿಟ್ಟಿನಲ್ಲಿ ಆ ದನಿ ಒಂದು ಮೆಟ್ಟಿಲು ಕೆಳಗಿಳಿದಾಗ ಎದೆ ಧಸಕ್ಕೆನ್ನುತ್ತದೆ. ಇದೇ ಗಂಟಲು ಮುಂದೆ ಶಿಂಜಿ ಆಯಿತು ಅಂದರೆ ನಂಬಲಿಕ್ಕೇ ಆಗುವುದಿಲ್ಲ. ಅಲ್ಲಿ ಹಿಂಜರಿಕೆ ಭಯದ್ದು, ಇಲ್ಲಿ ಅದು ಬೇಕೆಂದೇ ಹಿಡಿದಿಟ್ಟುಕೊಂಡ ಶಕ್ತಿಯದ್ದು. ಎರಡಕ್ಕೂ ನಡುವೆ ಅರ್ಧ ಉಸಿರಿನ ವ್ಯತ್ಯಾಸ. ಆ ಅರ್ಧ ಉಸಿರನ್ನು ಹಿಡಿಯಲು ಒಂದೇ ತುಣುಕನ್ನು ಹಿಂದೆ ಮುಂದೆ ಮಾಡುತ್ತಾ ಒಂದು ಸಂಜೆ ಕಳೆದೆ.

ಕೊಳ್ಳುವವರಿಗೆ ಒಂದು ಮಾತು. ಮುಚ್ಚಳ ತೆಗೆಸಿ ಒಳಗಿನ ಪುಸ್ತಿಕೆ ಇದೆಯೇ ನೋಡಿ. ನನ್ನ ಕೆನ್ಶಿನ್‌ಗೆ ಬೆನ್ನಿಗೆ ಸುತ್ತಿದ ಕಾಗದದ ‘ಓಬಿ’ ಪಟ್ಟಿ ಮದುವೆ ಸೀರೆಯ ಅಂಚಿನ ಹಾಗೆ ಗರಿಗರಿಯಾಗಿತ್ತು, ಪುಸ್ತಿಕೆಯೇ ಇರಲಿಲ್ಲ. ಅಂಗಡಿಯವರನ್ನು ಕೇಳಿದರೆ ಬೆಲೆಚೀಟಿಯ ಮೂಲೆಯಲ್ಲಿದ್ದ ಇರುವೆಗಾತ್ರದ ಅಕ್ಷರ ತೋರಿಸಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಅಷ್ಟು ಬಗ್ಗಿದವರ ಹತ್ತಿರ ಜಗಳ ಆಡುವುದು ಹೇಗೆ? ಸೀಡಿ ಹಾಕಲು ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ, ಹೊರಗಿನ ಡ್ರೈವ್ ಬೇರೆ ಕೊಂಡೆ. ಅದರ ಬೆಲೆಗೆ ಇನ್ನೂ ಮೂರು ಸೀಡಿ ಬರುತ್ತಿದ್ದವು. ಸಬ್‌ಟೈಟಲ್ ಎಂಬುದು ಇಲ್ಲವೇ ಇಲ್ಲ, ಜಪಾನೀ ಭಾಷೆ ಒಂದಿಷ್ಟಾದರೂ ಬರಬೇಕು. ಗೊಂಬೆತಲೆಯ ಎರಡು ಕಿವಿಯಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡಿದ ಪ್ರೇಮದ ಸೀಡಿಗಳೂ ಅದೇ ಕಪಾಟಿನಲ್ಲಿರುತ್ತವೆ. ಒಂದನ್ನು ತಿಳಿಯದೆ ತಂದು ರೈಲಿನಲ್ಲಿ ಕೇಳಿದೆ. ಯಾರೋ ಎಡಗಿವಿಗೇ ಬಾಯಿ ಹಚ್ಚಿ ಪಿಸುಗುಟ್ಟಿದಂತಾಗಿ ಪಕ್ಕದಲ್ಲಿದ್ದ ಅಜ್ಜನನ್ನು ದುರುಗುಟ್ಟಿ ನೋಡಿಬಿಟ್ಟೆ. ಪಾಪ, ನಿದ್ದೆಯಲ್ಲಿದ್ದರು.

ನನ್ನ ಲೆಕ್ಕದಲ್ಲಿ ‘ಅಡಿಷನ್’ ನಾಟಕಕ್ಕೆ ಐದಕ್ಕೆ ಮೂರು, ಕೆನ್ಶಿನ್‌ಗೆ ನಾಲ್ಕೂವರೆ. ಉಳಿದ ಅರ್ಧ ಪುಸ್ತಿಕೆಯ ಜೊತೆ ಹೋಯಿತು.

ಭಾನುವಾರ ಅವ್ವನಿಗೆ ವೀಡಿಯೊ ಕಾಲ್ ಮಾಡಿದಾಗ ಹಿಂದೆ ಶಿಂಜಿ ಮಾತಾಡುತ್ತಿದ್ದ.

“ಯಾವುದು ಆ ಹುಡುಗ? ಯಾಕ ಹಂಗ ಹೆದರತದ?”

“ಹುಡುಗ ಅಲ್ಲವ್ವಾ, ಹೆಂಗಸಿನ ದನಿ.”

“ಇರಲಿ ಬಿಡು. ಮುಂದ ಏನಾತು? ಜೋರಾಗಿ ಹಚ್ಚು.”