ಫೇಜ್, ಗಿಡದ ಸಾರ, ಪೆಪ್ಟೈಡ್: ಎಂಎಸ್ಸಿ ಪ್ರಾಜೆಕ್ಟ್‌ಗೆ ಯಾವುದು?

ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡಬೇಕು, ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ.

ಮೊದಲು ಖರ್ಚು. ಫೇಜ್ ಅಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್. ಚರಂಡಿ ನೀರಲ್ಲೇ ಸಿಗುತ್ತದೆ. ಬ್ಯಾಕ್ಟೀರಿಯಾ ಸೋಸಿ ತೆಗೆಯಲು 0.22 ಮೈಕ್ರಾನ್ ಫಿಲ್ಟರ್, ಬ್ಯಾಕ್ಟೀರಿಯಾ ಬೆಳೆಸಲು ಅಗಾರ್ ತಟ್ಟೆ, ಜೊತೆಗೆ ತಾಳ್ಮೆ ಬೇಕು. ಮೊದಲ ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ಕಡೆ ತಟ್ಟೆಯಲ್ಲಿ ಮೂಡುವ ತಿಳಿ ಚುಕ್ಕೆ) ಕಂಡಾಗಿನ ಖುಷಿಯೇ ಬೇರೆ! ಗಿಡದ ಸಾರವೂ ಅಗ್ಗ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಇಲ್ಲಿ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು. ಅದನ್ನು ಮಾಡಿಸಲು ಜಾಸ್ತಿ ದುಡ್ಡು ಬೇಕು.

ಫೇಜ್ ತುಂಬ ಆಯ್ದು ಹೊಡೆಯುತ್ತದೆ. ಎಷ್ಟೋ ಸಲ ಒಂದು ಜಾತಿಯ ಕೆಲವು ತಳಿಗಳನ್ನಷ್ಟೇ ಕೊಲ್ಲುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುತ್ತವೆ, ಅದು ಲಾಭ ಅಲ್ವಾ? ಆದರೆ ಸೋಂಕಿಗೆ ತಕ್ಕ ಫೇಜ್ ಹುಡುಕಬೇಕು. ಅದಕ್ಕೇ ಜಾರ್ಜಿಯಾದ ಟಿಬಿಲಿಸಿಯಲ್ಲಿ 1923ರಲ್ಲಿ ಶುರುವಾದ ಎಲಿಯಾವಾ ಸಂಸ್ಥೆ ಹಲವು ಫೇಜ್‌ಗಳನ್ನು ಬೆರೆಸಿ ಕೊಡುತ್ತದೆ. ಪೆಪ್ಟೈಡ್‌ಗಳಲ್ಲಿ ಹಲವು ಬೇರೆ ಬೇರೆ ಜಾತಿಗಳ ಮೇಲೂ ಕೆಲಸ ಮಾಡುತ್ತವೆ. ದೇಹದ ಕಿಣ್ವಗಳು ಮಾತ್ರ ಅವನ್ನು ಬೇಗ ಒಡೆಯುತ್ತವೆ.

ಗಿಡ ಬೆಳೆದ ಜಾಗ, ಋತು ಬದಲಾದರೆ ಸಾರದ ಫಲಿತಾಂಶವೂ ಬದಲಾಗಬಹುದು. ಸುಮ್ನೆ ತಟ್ಟೆಯಲ್ಲಿ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆದರೆ ಸಾಲದು. ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಅತಿ ಕಡಿಮೆ ಸಾಂದ್ರತೆ) ನೋಡಿ, ದ್ರಾವಕದ ಕಂಟ್ರೋಲ್, ಅಂದರೆ ಸಾರವಿಲ್ಲದೆ ಬರೀ ದ್ರಾವಕ ಹಾಕಿ ನೋಡುವುದನ್ನು ಮರೆಯಬೇಡಿ.

ಆರೇ ತಿಂಗಳು, ಸಣ್ಣ ಲ್ಯಾಬ್ ಆದರೆ ಫೇಜ್. ರಸಾಯನಶಾಸ್ತ್ರದ ಜೊತೆಗಾರರಿದ್ದರೆ ಗಿಡದ ಸಾರ. ಅನುದಾನವಿದ್ದು, ಮುಂದೆ ಪಿಎಚ್‌ಡಿಗೂ ಅದನ್ನೇ ಬೆಳೆಸುವುದಾದರೆ ಪೆಪ್ಟೈಡ್.