ಈಸ್ಟರ್ ಮೊಟ್ಟೆ ಚೆನ್ನಾಗಿದೆ, ಡಬ್ಬಿ ಮೇಲೆ ಒಂದು ಗುರುತು ಹಾಕಿ

ಬೆಂಗಳೂರಿನ ಫ್ರೇಜರ್ ಟೌನ್ ಕಡೆಯ ಒಂದು ಹಳೇ ಬೇಕರಿಯಿಂದ 2026ರ ಈಸ್ಟರ್‌ಗೆ ಮಾರ್ಜಿಪಾನ್ ಮೊಟ್ಟೆ, ಅಂದರೆ ಮೊಟ್ಟೆ ಆಕಾರದ ಸಿಹಿ, ತಂದಿದ್ದೆ. ಒಂದು ಮನೆಗೆ, ಮಿಕ್ಕಿದ್ದೆಲ್ಲ ನಮ್ಮ ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರಿಗೆ. ಯುಗಾದಿಗೆ ಒಬ್ಬಟ್ಟು, ರಂಜಾನ್‌ಗೆ ಬಿರಿಯಾನಿ ಕೊಡುವವರಿಗೆ ನಮ್ಮ ಹಬ್ಬದ್ದೂ ಏನಾದರೂ ಹೋಗಬೇಕಲ್ವಾ? ಕ್ರಿಸ್‌ಮಸ್ ಕೇಕು ಎಲ್ಲರಿಗೂ ಗೊತ್ತು. ಈಸ್ಟರ್ ಅಂದರೆ ಏನು ಅಂತ ಕೇಳುವವರೇ ಜಾಸ್ತಿ. ಕೇಳಲಿ ಅಂತಲೇ ನಾನು ಕೊಡುವುದು. ಬಾಗಿಲು ತಟ್ಟಿ ಭಾಷಣ ಮಾಡುವುದು ನನಗೆ ಆಗದ ಕೆಲಸ.

ಮೊಟ್ಟೆ ಅಂಗೈ ತುಂಬುವಷ್ಟಿದೆ. ಗೋಡಂಬಿ ಪುಡಿ, ಸಕ್ಕರೆ ಕಲಸಿ, ಅಚ್ಚಿಗೆ ಒತ್ತಿ, ಎರಡು ಹೋಳನ್ನು ಐಸಿಂಗ್ ಹಾಕಿ ಅಂಟಿಸಿದ್ದಾರೆ. ಅಂಟಿಸಿದ ಗೆರೆ ಕಾಣಬಾರದು ಅಂತ ಸುತ್ತ ಹೂಬಳ್ಳಿ. ಒಳಗೆ ಟೊಳ್ಳು. ಅಲ್ಲಾಡಿಸಿದರೆ ಬಣ್ಣದ ಸೋಂಪಿನ ಮಿಠಾಯಿ ಗಲಗಲ ಅನ್ನುತ್ತದೆ. ಕಾಜು ಬರ್ಫಿ ತಿಂದವರಿಗೆ ರುಚಿ ಹೊಸದೇನಲ್ಲ. ಸಿಹಿ ಮಾತ್ರ ಒಂದು ಕೈ ಮುಂದೆ. ಹೆಸರು ಬರೆದುಕೊಡುತ್ತಾರೆ ಅಂತ ಗೊತ್ತಾಗಿ, ಯೇಸು ಸಾವಿನಿಂದ ಎದ್ದ ಹಬ್ಬ ಅಲ್ವಾ ಅಂತ ಒಂದರ ಮೇಲೆ ಕನ್ನಡದಲ್ಲಿ 'ಎದ್ದಿದ್ದಾನೆ' ಅಂತ ಬರೆಸಿದೆ. ಬರೆಯುವವರು, "ಮೇಡಂ, ಒತ್ತಕ್ಷರ ಜಾಸ್ತಿ, ಐಸಿಂಗ್ ನಿಲ್ಲಲ್ಲ" ಅಂದರು. ಆದರೂ ಬರೆದರು. ಒತ್ತುಗಳೆಲ್ಲ ಕರಗಿ ಒಂದಾದವು, ಓದೋಕೆ ಬರುತ್ತದೆ.

ಈಗ ದೂರು. ಡಬ್ಬಿ ಮೇಲೆ ಹಸಿರು ಚುಕ್ಕೆಯೂ ಇಲ್ಲ, ಕಂದು ಗುರುತೂ ಇಲ್ಲ. ಕೌಂಟರಿನಲ್ಲಿ ಕೇಳಿದರೆ ಒಬ್ಬರು ಎಗ್‌ಲೆಸ್ ಅಂದರು, ಇನ್ನೊಬ್ಬರು ಐಸಿಂಗ್‌ಗೆ ಮೊಟ್ಟೆಯ ಬಿಳಿ ಹಾಕುತ್ತೇವೆ ಅಂದರು. ಹಂಚುವವರಿಗೆ ಇದು ಸಣ್ಣ ವಿಷಯವಲ್ಲ. ಪಕ್ಕದ ಮನೆ ಆಂಟಿ ಡಬ್ಬಿ ನೋಡಿದ ಕೂಡಲೇ ಕೇಳಿದ್ದೂ ಅದನ್ನೇ: "ಮೊಟ್ಟೆ ಅಂತೀಯಲ್ಲಮ್ಮ, ನಾವು ತಿನ್ನಬಹುದಾ?" ಅನುಮಾನ ಇಟ್ಟುಕೊಂಡು ಕೊಡೋದು ಬೇಡ ಅಂತ ಅವರಿಗೆ ಬೇರೆ ಕಡೆಯಿಂದ ಹಸಿರು ಚುಕ್ಕೆ ಇರುವ ಚಾಕೊಲೇಟ್ ಮೊಟ್ಟೆ ತಂದುಕೊಟ್ಟೆ.

ಡಬ್ಬಿಯೊಳಗೆ ಮೊಲದ ಚಿತ್ರದ ಇಂಗ್ಲಿಷ್ ಕಾರ್ಡ್ ಇತ್ತು. ಮೊಲಕ್ಕೂ ನಮಗೂ ಏನು ಸಂಬಂಧವೋ! ಅದನ್ನು ತೆಗೆದು, ಬೈಬಲ್ಲಿನ ಲೂಕ 24ನೇ ಅಧ್ಯಾಯದ ಕತೆಯನ್ನು ನನ್ನ ಕೈಯಲ್ಲೇ ನಾಲ್ಕು ಸಾಲು ಬರೆದಿಟ್ಟೆ. ಆಂಟಿ ನಿಂತಲ್ಲೇ ಓದಿದರು. ಬೆಳಗಿನ ಜಾವ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದವರು ಹೆಂಗಸರು, ಯೇಸು ಎದ್ದ ಸುದ್ದಿ ಮೊದಲು ಸಿಕ್ಕಿದ್ದೂ ಅವರಿಗೇ, ಗಂಡಸರು ಅದನ್ನು ನಂಬಲಿಲ್ಲ ಅನ್ನುವುದು ಆಂಟಿಗೆ ಬಹಳ ಹಿಡಿಸಿತು. "ನಂಬಿದ್ರೆ ಆಶ್ಚರ್ಯ!" ಅಂದರು. ಟೊಳ್ಳು ಮೊಟ್ಟೆ ಬರಿದಾದ ಸಮಾಧಿಯ ಗುರುತು ಅಂದೆ. ಹಬ್ಬದ ತಾರೀಖು ವರ್ಷವರ್ಷ ಯಾಕೆ ಬದಲಾಗುತ್ತದೆ ಅಂತಲೂ ಕೇಳಿದರು. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್, ಈ ಸಲ ಏಪ್ರಿಲ್ 2ಕ್ಕೆ ಹುಣ್ಣಿಮೆ, 5ಕ್ಕೆ ಹಬ್ಬ ಅಂದೆ. "ನೀವೂ ಹುಣ್ಣಿಮೆ ನೋಡ್ತೀರಾ?" ಅಂತ ಕ್ಯಾಲೆಂಡರ್ ತೆಗೆದೇಬಿಟ್ಟರು.

ಆಮೇಲೆ ನೇರವಾಗಿ ಕೇಳಿದರು: "ಸತ್ತವರು ಏಳ್ತಾರೆ ಅಂತ ನಿಜವಾಗ್ಲೂ ನಂಬ್ತೀಯಾ?" ನಂಬುತ್ತೇನೆ ಆಂಟಿ, ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ಅದೊಂದೇ ನನ್ನನ್ನು ಹಿಡಿದು ನಿಲ್ಲಿಸಿತ್ತು ಅಂದೆ. ಅವರು ಒಪ್ಪಲಿಲ್ಲ. ನಮ್ಮಲ್ಲಿ ಬೇರೆ ಥರ ಅಂತ ತಮ್ಮದನ್ನು ಹೇಳಿದರು. ನಾನು ಕೇಳಿದೆ. ಕಾಫಿ ಎರಡನೇ ಲೋಟಕ್ಕೆ ಹೋಯಿತು.

ಐದಕ್ಕೆ ಮೂರೂವರೆ ಸ್ಟಾರ್. ಗುರುತು ಹಾಕಿದ್ದರೆ ನಾಲ್ಕೂವರೆ. ತರುವವರು ಈಸ್ಟರ್‌ನ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರಕ್ಕೆ ಮೊದಲೇ ಆರ್ಡರ್ ಕೊಡಿ, ಶುಭ ಶುಕ್ರವಾರ (ಗುಡ್ ಫ್ರೈಡೇ) ಶಿಲುಬೆ ಗುರುತಿನ ಹಾಟ್ ಕ್ರಾಸ್ ಬನ್‌ಗೆ ಬರುವ ಜನರ ನಡುವೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಬೆವರಿ ಐಸಿಂಗ್ ಬಣ್ಣ ಬಿಡುತ್ತದೆ.