ಆರು ನಂಬರ್ ಅಂತ ಎಂಟು ನಂಬರ್ ಲೈನ್ ಕೊಟ್ಟ, ಅದೂ 9,500ಕ್ಕೆ, ಹುಷಾರು!

ಫ್ಲೈ ಫಿಶಿಂಗ್ ಲೈನ್ (ಹಗುರದ ನಕಲಿ ಹುಳ ಕಟ್ಟಿ, ದಾರದ ಭಾರದಲ್ಲೇ ಬೀಸಿ ಮೀನು ಹಿಡಿಯೋ ದಪ್ಪ ದಾರ) ತಗೊಳೋರು ದಯವಿಟ್ಟು ಓದಿ, ಮೂಡಿಗೆರೆ ಸಕಲೇಶಪುರ ಕಡೆ ತೋಟದ ಕೆರೆಲಿ ಗಾಳ ಹಾಕೋರಂತೂ ಓದ್ಲೇಬೇಕು, ಯಾಕಂದ್ರೆ ಇದನ್ನ ನಂಗೆ ಮಾರಿದೋನು ನಮ್ಮ ಕಡೆ ವಾಟ್ಸಾಪ್ ಗ್ರೂಪುಗಳಲ್ಲೇ ಗಿರಾಕಿ ಹುಡುಕ್ತಿದಾನೆ.

ನಂಗೆ ಬೇಕಿದ್ದಿದ್ದು ಆರು ನಂಬರ್ ಫ್ಲೋಟಿಂಗ್ ಲೈನ್, ಅಂದ್ರೆ ನೀರ ಮೇಲೆ ತೇಲೋದು; ನಂಬರ್ ಜಾಸ್ತಿ ಆದಷ್ಟೂ ಲೈನ್ ಭಾರ. 2,200 ರೂಪಾಯಿದು ಒಂದಿತ್ತು, ಜಿಲೇಬಿ ಮೀನಿಗೆ ಅದೇ ಸಾಕು ಅಂತಿದ್ದೆ. "ಅಯ್ಯೋ ಸರ್ ಅದು ದಂಡ, ಬೇಗ ಬಿರುಕು ಬಿಡುತ್ತೆ, ಅಮೆರಿಕದ ಮಾಲಿದೆ, 9,500, ನಿಮಗೇ ಅಂತ ತೆಗೆದಿಟ್ಟಿದೀನಿ" ಅಂದ. ಅವನು ವರ್ಣನೆ ಮಾಡಿದ್ದರಲ್ಲಿ ಸುಳ್ಳಿರಲಿಲ್ಲ ನೋಡಿ, ದುಬಾರಿ ಲೈನಲ್ಲಿ ಕೋಟಿಂಗ್ ನುಣುಪು, ರಾಡಿನ ರಿಂಗಲ್ಲಿ ಸಲೀಸಾಗಿ ಜಾರುತ್ತೆ, ಸುರುಳಿ ಸುತ್ಕೊಳಲ್ಲ, ತುದಿಲಿ ಲೂಪ್ (ಕುಣಿಕೆ) ವೆಲ್ಡ್ ಆಗಿರುತ್ತೆ. ಎಲ್ಲ ನಿಜ. ಆ ನಿಜಾನೇ ಹೇಳಿ ಹೇಳಿ ದುಡ್ಡು ಕಿತ್ತ.

ಬಾಕ್ಸ್ ಫಸ್ಟ್ ಕ್ಲಾಸ್. ಕೆರೆ ಏರಿ ಮೇಲೆ ನಿಂತು ಬೀಸಿದ್ರೆ ರಾಡು ಹಿಡಿ ತನಕ ಬಗ್ಗುತ್ತೆ, ಲೈನ್ ನೀರಿಗೆ ಪಟಾರ್ ಅಂತ ಬೀಳುತ್ತೆ, ಇದ್ದಬದ್ದ ಮೀನೆಲ್ಲ ಆಚೆ ದಡಕ್ಕೆ. ಪಕ್ಕದಲ್ಲಿ ತಂಗೂಸಿಗೆ ಎರೆಹುಳ ಸಿಗಿಸ್ಕೊಂಡು ಕೂತಿದ್ದ ಭಾವ "ಒಂಬತ್ತೂವರೆ ಸಾವಿರದ್ದಾ ಇದು?" ಅಂದ್ರು. ಏನ್ ಹೇಳ್ಲಿ.

ಮೆಸೇಜ್ ಹಾಕಿದೆ. "ನಿಮ್ಮ ಕಾಸ್ಟಿಂಗ್ ಸ್ಟೈಲ್ ಸರಿ ಇಲ್ಲ ಸರ್." ಆಮೇಲೆ "ಬಿಸಿಲಿಗೆ ಹಂಗಾಗುತ್ತೆ." ಮಾರಾಯ, ಚಿಕ್ಕಮಗಳೂರಿನ ಜುಲೈ ಮಳೇಲಿ ಬಿಸಿಲು! ಆಮೇಲೆ "ಸೊಳ್ಳೆ ಕ್ರೀಮ್ ಕೈಲಿ ಮುಟ್ಟಿರ್ತೀರ." ಡೀಟ್ ಅನ್ನೋ ಸೊಳ್ಳೆ ಓಡಿಸೋ ಕೆಮಿಕಲ್ ಇರೋ ಕ್ರೀಮ್ ತಾಗಿದ್ರೆ ಪಿವಿಸಿ ಕೋಟಿಂಗ್ ಹಾಳಾಗುತ್ತೆ, ಹೌದು, ಆದ್ರೆ ಲೈನ್ ಭಾರ ಆಗುತ್ತಾ?

ಅನುಮಾನ ಬಂದು ಪರಿಚಯದ ಅಕ್ಕಸಾಲಿ ಅಂಗಡಿಗೆ ಹೋದೆ. ನಂಬರ್ ಅನ್ನೋದೇ ಮೊದಲ 30 ಅಡಿಯ ತೂಕದ ಲೆಕ್ಕ, ಸ್ಟ್ಯಾಂಡರ್ಡ್ ಪ್ರಕಾರ ಆರು ಅಂದ್ರೆ 160 ಗ್ರೇನ್ (ತೂಕದ ಸಣ್ಣ ಅಳತೆ), ಹತ್ತಿರಹತ್ತಿರ 10.4 ಗ್ರಾಂ. ಟೇಪಲ್ಲಿ ಅಳೆದು ಸುತ್ತಿ ಚಿನ್ನ ತೂಗೋ ತಟ್ಟೆ ಮೇಲಿಟ್ಟು, ಉಳಿದ ಲೈನನ್ನ ಎತ್ತಿ ಹಿಡ್ಕೊಂಡು ನಾನು ಕೌಂಟರ್ ಪಕ್ಕ ನಿಂತಿದೀನಿ, ಸರ ನೋಡೋಕೆ ಬಂದ ಹೆಂಗಸರು ಮುಸಿಮುಸಿ ನಗ್ತಿದಾರೆ. 13.6! ಅಂದ್ರೆ 210 ಗ್ರೇನ್, ಸರಿಯಾಗಿ ಎಂಟು ನಂಬರ್.

ಫೋಟೋ ಕಳಿಸಿದೆ. ಬಂದ ಉತ್ತರ ಓದಿ: "ಸರ್ ಪ್ರೀಮಿಯಂ ಅಂದ್ಮೇಲೆ ಹೆವಿ ಇದ್ದೇ ಇರುತ್ತೆ."

ಹೆವಿ ಇದ್ದೇ ಇರುತ್ತಂತೆ! ಕೆಲವು ದೊಡ್ಡ ಕಂಪನಿಗಳು ಬೇಕಂತಲೇ ಅರ್ಧ ನಂಬರ್, ಒಂದು ನಂಬರ್ ಜಾಸ್ತಿ ತೂಕ ಕೊಡ್ತಾರೆ, ಗೊತ್ತು ನಂಗೆ, ಆದ್ರೆ ಎರಡು ನಂಬರಾ? ಆಮೇಲೆ ಸರಿಯಾಗಿ ನೋಡಿದ್ರೆ ತುದಿಲಿ ಲೈನಿನ ಹೆಸರು ಪ್ರಿಂಟ್ ಇರುತ್ತೆ ಅಂತ ಆ ಬಾಕ್ಸ್ ಮೇಲೇ ಬರೆದಿದೆ, ಲೈನ್ ಮೇಲೆ ಒಂದಕ್ಷರ ಇಲ್ಲ. ಲೂಪ್ ವೆಲ್ಡೂ ಅಲ್ಲ, ಗಮ್ ಹಾಕಿ ಮೇಲೊಂದು ಪ್ಲಾಸ್ಟಿಕ್ ಟ್ಯೂಬ್ ತೊಡಿಸಿದ್ದು, ಉಗುರಲ್ಲಿ ಕೆರೆದ್ರೆ ಎದ್ದು ಬಂತು. ಯಾವುದೋ ಅಗ್ಗದ ಎಂಟು ನಂಬರ್ ಲೈನನ್ನ ದುಬಾರಿ ಬಾಕ್ಸಿಗೆ ತುಂಬಿ ಮಾರಿದಾನೆ, ಅಷ್ಟೇ. ಕೇಳಿದ್ರೆ "ಓಪನ್ ಮಾಡಿದ್ದು ರಿಟರ್ನ್ ಇಲ್ಲ ಸರ್." ಓಪನ್ ಮಾಡದೆ ತೂಗೋದು ಹೆಂಗಪ್ಪಾ? ಅದಕ್ಕೆ ಉತ್ತರ ಇಲ್ಲ, ಬ್ಲಾಕ್.

ಕೆರೆ ಮೀನಿಗೆ ಅಗ್ಗದ ಲೈನೇ ತಗೊಳ್ಳಿ, ಸೋಪ್ ನೀರಲ್ಲಿ ಒರೆಸಿ ಇಟ್ಕೊಂಡ್ರೆ ಬಾಳಿಕೆ ಬರುತ್ತೆ. ದುಬಾರಿದೇ ಬೇಕು ಅಂದ್ರೆ ತುದಿಯ ಪ್ರಿಂಟು, ಲೂಪು ಕಾಣೋ ಹಾಗೆ ವಿಡಿಯೋ ಕೇಳಿ, ಕೊಡಲ್ಲ ಅಂದ್ರೆ ಯುಪಿಐ ಒತ್ಬೇಡಿ. ತಂಪು ನೀರಿಗೆ ಮಾಡಿದ್ದೋ ಬಿಸಿ ಪ್ರದೇಶಕ್ಕೆ ಮಾಡಿದ್ದೋ ಅಂತನೂ ಕೇಳಿ, ನಮ್ಮ ಏಪ್ರಿಲ್ ಸೆಕೆಗೆ ತಂಪು ನೀರಿನ ಲೈನ್ ಮೆತ್ತಗಾಗಿ ಅಂಟಂಟಾಗುತ್ತೆ.

ನಿನ್ನೆ ಸ್ನೇಹಿತನ ಫೋನಲ್ಲಿ ಅವನ ಸ್ಟೇಟಸ್ ನೋಡಿದೆ, ಅದೇ ಥರದ ಬಾಕ್ಸು, "ಲಾಸ್ಟ್ ಒನ್ ಪೀಸ್, 9,000 ಓನ್ಲಿ" ಅಂತ ಹಾಕಿದಾನೆ. ತಕ್ಕಡಿ ಫೋಟೋ, ಚಾಟ್ ಎಲ್ಲ ಇಟ್ಕೊಂಡಿದೀನಿ, ಅವನ ಹತ್ರ ಮಾತಾಡ್ತಿರೋರು ಕೇಳಿದ್ರೆ ಕಳಿಸ್ತೀನಿ.